ಹುಳುಮನೆಯ ಕಿರುಗಾವಲು

ವ್ಯಾಕರಣದ ತರಗತಿಯಲ್ಲಿ ಆದೇಶಸಂಧಿಗೆ ಉದಾಹರಣೆ ಬೇಕಾದಾಗ ಮಳವಳ್ಳಿ ತಾಲ್ಲೂಕಿನ ಅಧ್ಯಾಪಕರು ದೂರ ಹುಡುಕಬೇಕಾದುದಿಲ್ಲ. ಕಿರುಗಾವಲು ಎಂಬ ಊರಿನ ಹೆಸರೇ ಸಾಕು. ಕಿರಿದಾದ ಕಾವಲು ಕಿರುಗಾವಲು. ಉತ್ತರಪದದ ಮೊದಲಲ್ಲಿರುವ ಕಕಾರಕ್ಕೆ ಗಕಾರವು ಆದೇಶವಾಗಿ ಬಂದಿದೆ. ಕಾವಲು ಎಂಬ ಶಬ್ದಕ್ಕೆ ದನಕರುಗಳು ಮೇಯುವ ಹುಲ್ಲುನೆಲವೆಂಬ ಅರ್ಥವೂ ಉಂಟು, ಪಹರೆಯೆಂಬ ಅರ್ಥವೂ ಉಂಟು. ಊರಿಗೆ ಈ ಹೆಸರು ಯಾವ ಅರ್ಥದಿಂದ ಬಂದಿತೆಂಬ ವಿಚಾರ ಹಾಗಿರಲಿ. ಈ ಸೀಮೆಯ ರೇಷ್ಮೆಹುಳು ಸಾಕುವ ಮನೆಗಳಿಗೆ ಬೇಕಾಗಿರುವ ಒಂದು ಸಣ್ಣ ಉಪಕರಣಕ್ಕೆ ಎರಡನೆಯ ಅರ್ಥವು ಚೆನ್ನಾಗಿ ಒಪ್ಪುತ್ತದೆ. ಅಂಗೈಯಗಲದ ಆ ಉಪಕರಣವು ಹಗಲಿರುಳೂ ಎಚ್ಚರವಾಗಿದ್ದು ಕೋಣೆಯ ಬಿಸಿಯನ್ನು ಕಾಯುತ್ತದೆ. ಅದರ ಹೆಸರು ಥರ್ಮೋಸ್ಟಾಟ್. ಅದನ್ನು ಎಲ್ಲಿಡಬೇಕು, ಅದಕ್ಕೆ ವಿದ್ಯುತ್ತಿನ ತಂತಿಗಳನ್ನು ಹೇಗೆ ಜೋಡಿಸಬೇಕು, ಅದನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬ ಮೂರು ವಿಷಯಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಹುಳುವಿಗೆ ಬೇಕಾದ ಹದ

ಹಸು, ಎಮ್ಮೆ, ಮನುಷ್ಯ ಮೊದಲಾದ ಪ್ರಾಣಿಗಳು ತಮ್ಮ ಮೈಬಿಸಿಯನ್ನು ತಾವೇ ಕಾಯ್ದುಕೊಳ್ಳುತ್ತವೆ. ರೇಷ್ಮೆಹುಳುವಿಗೆ ಆ ಶಕ್ತಿಯಿಲ್ಲ. ಕೋಣೆ ತಣ್ಣಗಾದರೆ ಹುಳುವೂ ತಣ್ಣಗಾಗುತ್ತದೆ, ಕೋಣೆ ಕಾದರೆ ಹುಳುವೂ ಕಾಯುತ್ತದೆ. ಚಳಿಯಲ್ಲಿ ಅದು ಸೊಪ್ಪು ತಿನ್ನುವುದು ಕಡಿಮೆಯಾಗುತ್ತದೆ. ಬೆಳವಣಿಗೆ ನಿಧಾನವಾಗಿ, ಜ್ವರಕ್ಕೆ ಕೂರುವ ದಿನಗಳು ಮುಂದಕ್ಕೆ ಹೋಗಿ, ಒಂದೇ ತಟ್ಟೆಯಲ್ಲಿ ಹಿರಿಯ ಹುಳು ಕಿರಿಯ ಹುಳುಗಳು ಬೆರೆತು ಬೆಳೆ ಏರುಪೇರಾಗುತ್ತದೆ. ಚಳಿಯೊಡನೆ ತೇವವೂ ಸೇರಿದರೆ ಸುಣ್ಣಕಟ್ಟು ರೋಗಕ್ಕೆ ದಾರಿಯಾಗುತ್ತದೆ. ಸೆಕೆ ಅತಿಯಾದರೆ ಹಾಲು ರೋಗವೂ ಸಪ್ಪೆ ರೋಗವೂ ತಲೆಯೆತ್ತುತ್ತವೆ. ಅತಿಯಾದರೆ ಅಮೃತವೂ ವಿಷವೆಂಬ ಗಾದೆಯು ಹುಳುಮನೆಯ ಬಿಸಿಗೆ ಅಕ್ಷರಶಃ ಅನ್ವಯಿಸುತ್ತದೆ.

ಹುಳುವಿನ ಬಾಳಿನಲ್ಲಿ ಐದು ಹಂತಗಳು, ಅವುಗಳ ನಡುವೆ ನಾಲ್ಕು ಜ್ವರಗಳು. ಮೊದಲನೆಯ ಹಂತದಲ್ಲಿ 27ರಿಂದ 28 ಡಿಗ್ರಿ ಸೆಲ್ಷಿಯಸ್, ಎರಡನೆಯದರಲ್ಲಿ 26ರಿಂದ 27, ಮೂರನೆಯದರಲ್ಲಿ 25ರಿಂದ 26, ನಾಲ್ಕನೆಯದರಲ್ಲಿ 24ರಿಂದ 25, ಐದನೆಯದರಲ್ಲಿ 23ರಿಂದ 24 ಡಿಗ್ರಿ ಇದ್ದರೆ ಅದು ಹುಳುವಿಗೆ ಹಿತವಾದ ಹದ. ಗಾಳಿಯ ತೇವಾಂಶವೂ ಇದೇ ಕ್ರಮದಲ್ಲಿ ಇಳಿಯಬೇಕು: ಚಾಕಿಹುಳುವಿಗೆ ನೂರಕ್ಕೆ 85ರ ಆಸುಪಾಸು, ಐದನೆಯ ಹಂತಕ್ಕೆ ನೂರಕ್ಕೆ 70ರ ಆಸುಪಾಸು. ಎಳೆಯದಕ್ಕೆ ಬೆಚ್ಚಗೆ, ಬಲಿತದ್ದಕ್ಕೆ ತಂಪು ಎಂದು ಇದನ್ನು ನೆನಪಿಡಬಹುದು.

ಮೈಸೂರು ಸೀಮೆಯಲ್ಲಿ ರೇಷ್ಮೆ ಬೇಸಾಯವು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಪ್ರೋತ್ಸಾಹದಿಂದ ನೆಲೆಯೂರಿತು. ಬಹುಕಾಲ ರೈತರು ಸಾಕಿದ ಮೈಸೂರು ತಳಿಯು ಈ ನೆಲದ ಬಿಸಿಲು ಚಳಿಗಳಿಗೆ ಒಗ್ಗಿಕೊಂಡದ್ದು. ಗೂಡು ಚಿಕ್ಕದಾದರೂ ತಾಳಿಕೆ ಹೆಚ್ಚು. 1961ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಿಂದ 1990ರ ದಶಕದಲ್ಲಿ ಬಂದ ದ್ವಿತಳಿ ಸಂಕರಗಳು ಹೆಚ್ಚು ಉದ್ದದ, ಹೆಚ್ಚು ಉತ್ತಮವಾದ ನೂಲನ್ನು ಕೊಡುತ್ತವೆ. ಆದರೆ ಅವು ಹದ ತಪ್ಪುವುದನ್ನು ಹಳೆಯ ತಳಿಯಷ್ಟು ಸಹಿಸುವುದಿಲ್ಲ. ಲಾಭ ಹೆಚ್ಚಿದಂತೆ ಎಚ್ಚರವೂ ಹೆಚ್ಚಬೇಕಾಯಿತು. ಪುಷ್ಯಮಾಸದ ಬೆಳಗಿನ ಜಾವದಲ್ಲಿ ಮಂಡ್ಯದ ಬಯಲು ನಡುಗುವಾಗಲೂ, ಚೈತ್ರದ ಮಧ್ಯಾಹ್ನ ಹೆಂಚು ಕಾದಾಗಲೂ ಕೋಣೆಯೊಳಗೆ ಒಂದೇ ಹದವನ್ನು ಕಾಯುವುದು ಕಣ್ಣುಗಳಿಗೆ ಮಾತ್ರ ಒಪ್ಪಿಸಬಹುದಾದ ಕೆಲಸವಲ್ಲ.

ಹಿಂದೆ ಚಳಿಗಾಲದಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನು ಹುಳುಮನೆಯಲ್ಲಿಟ್ಟು ಬಾಗಿಲು ಕಿಟಕಿಗಳನ್ನು ಮುಚ್ಚುವ ರೂಢಿಯಿತ್ತು. ಈಗಲೂ ಪೂರ್ತಿ ಹೋಗಿಲ್ಲ. ಮುಚ್ಚಿದ ಕೋಣೆಯಲ್ಲಿ ಉರಿಯುವ ಇದ್ದಿಲು ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಹುಳು ಕಾಯಲೆಂದು ಅಲ್ಲಿಯೇ ಮಲಗಿದವರು ಏಳದಿರುವ ಅಪಾಯವಿದೆ. ಥರ್ಮೋಸ್ಟಾಟಿನ ಹಿಡಿತದಲ್ಲಿರುವ ವಿದ್ಯುತ್ ಹೀಟರು ಈ ಅಪಾಯವನ್ನು ನಿವಾರಿಸುತ್ತದೆ. ಆದರೆ ಅದು ತನ್ನದೇ ಆದ ಬೇರೊಂದು ಅಪಾಯವನ್ನು ಕೋಣೆಯೊಳಗೆ ತರುತ್ತದೆಂಬುದನ್ನು ಮರೆಯಕೂಡದು.

ಹೆಸರು ಮತ್ತು ಹುಟ್ಟು

ಥರ್ಮೋಸ್ಟಾಟ್ ಎಂಬ ಪದವು ಕಿವಿಗೆ ಪರಕೀಯವಾದರೂ ಅದರ ಬೇರುಗಳು ನಮಗೆ ನೆಂಟರೇ. ಬಿಸಿ ಎಂಬ ಅರ್ಥದ ಗ್ರೀಕರ ‘ಥೆರ್ಮೋಸ್’ ಶಬ್ದವೂ ಸಂಸ್ಕೃತದ ‘ಘರ್ಮ’ ಶಬ್ದವೂ ಒಂದೇ ಮೂಲದವೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ‘ಸ್ಟಾಟ್’ ಎಂಬುದು ನಿಲ್ಲುವುದೆಂಬ ಅರ್ಥದ ‘ಸ್ಥಾ’ ಧಾತುವಿನ ಬಂಧು. ಬಿಸಿಯನ್ನು ಒಂದೆಡೆ ನಿಲ್ಲಿಸುವುದು ಎಂದು ಪದಾರ್ಥ.

ಹದಿನೇಳನೆಯ ಶತಮಾನದಲ್ಲಿ ಹಾಲೆಂಡ್ ದೇಶದ ಕಾರ್ನೇಲಿಸ್ ಡ್ರೆಬೆಲ್ ಎಂಬಾತನು ಕೋಳಿಮೊಟ್ಟೆಗಳಿಗೆ ಕಾವು ಕೊಡಲು ತನ್ನ ಬಿಸಿಯನ್ನು ತಾನೇ ತಿದ್ದಿಕೊಳ್ಳುವ ಒಲೆಯನ್ನು ರಚಿಸಿದನು. ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಆಂಡ್ರ್ಯೂ ಯೂರನು 1830ರಲ್ಲಿ ಎರಡು ಲೋಹಗಳ ಪಟ್ಟಿಯನ್ನು ಬಳಸಿದ ಉಪಕರಣಕ್ಕೆ ಹಕ್ಕುಪತ್ರ ಪಡೆದು ಈ ಹೆಸರನ್ನಿತ್ತನು. ಅಧ್ಯಾಪಕರಿಗೆ ಅಭಿಮಾನ ತರುವ ಸಂಗತಿಯೆಂದರೆ, ವಿದ್ಯುತ್ತಿನಿಂದ ಕೆಲಸ ಮಾಡುವ ಕೋಣೆಯ ಥರ್ಮೋಸ್ಟಾಟಿಗೆ 1883ರಲ್ಲಿ ಹಕ್ಕುಪತ್ರ ಪಡೆದ ಅಮೆರಿಕೆಯ ವಾರೆನ್ ಜಾನ್ಸನ್ ಒಬ್ಬ ಉಪಾಧ್ಯಾಯ. ವಿಸ್ಕಾನ್ಸಿನ್ ಸಂಸ್ಥಾನದ ವೈಟ್‌ವಾಟರಿನ ಅಧ್ಯಾಪಕ ಶಿಕ್ಷಣ ಶಾಲೆಯಲ್ಲಿ ಆತನು ಪಾಠ ಹೇಳುತ್ತಿದ್ದಾಗ, ಕೋಣೆ ಬಿಸಿಯಾಯಿತೋ ತಣ್ಣಗಾಯಿತೋ ಎಂದು ನೋಡಲು ಜವಾನನು ಮತ್ತೆ ಮತ್ತೆ ತರಗತಿಯೊಳಗೆ ಬರಬೇಕಾಗುತ್ತಿತ್ತು. ಪಾಠಕ್ಕೆ ಒದಗಿದ ಈ ಅಡ್ಡಿಯೇ ಆವಿಷ್ಕಾರಕ್ಕೆ ಕಾರಣವಾಯಿತು.

ಅದಕ್ಕೆ ಬೇಕಾದ ವಿದ್ಯುತ್ತಿಗೂ ಈ ತಾಲ್ಲೂಕಿಗೂ ಹಳೆಯ ನಂಟು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ಧುಮುಕಿನಿಂದ 1902ರಲ್ಲಿ ವಿದ್ಯುತ್ತು ಉತ್ಪಾದನೆಯಾಗಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿಸಿತು.

ಕೆಲಸ ಮಾಡುವ ಬಗೆ

ಹಳೆಯ ಮಾದರಿಯಲ್ಲಿ ಹಿತ್ತಾಳೆಯಂಥ ಹೆಚ್ಚು ಹಿಗ್ಗುವ ಲೋಹದ ಪಟ್ಟಿಯನ್ನೂ ಕಡಿಮೆ ಹಿಗ್ಗುವ ಲೋಹದ ಪಟ್ಟಿಯನ್ನೂ ಬೆಸೆದಿರುತ್ತಾರೆ. ಬಿಸಿಯೇರಿದಾಗ ಒಂದು ಹೆಚ್ಚು ಹಿಗ್ಗಿ ಪಟ್ಟಿಯು ಬಾಗುತ್ತದೆ. ಬಾಗಿದಾಗ ವಿದ್ಯುತ್ತಿನ ಸಂಪರ್ಕ ತಪ್ಪಿ ಹೀಟರು ನಿಲ್ಲುತ್ತದೆ. ತಣಿದಾಗ ನೆಟ್ಟಗಾಗಿ ಮತ್ತೆ ಸಂಪರ್ಕವಾಗುತ್ತದೆ. ಈಗ ಪೇಟೆಯಲ್ಲಿ ದೊರೆಯುವ ಅಂಕಿ ತೋರಿಸುವ ಮಾದರಿಯಲ್ಲಿ ಉದ್ದವಾದ ತಂತಿಯ ತುದಿಗೆ ಒಂದು ಸಣ್ಣ ಸೆನ್ಸರು ಇರುತ್ತದೆ. ಬಿಸಿ ಹೆಚ್ಚಿದಂತೆ ಅದರ ವಿದ್ಯುತ್ ರೋಧ ಕಡಿಮೆಯಾಗುತ್ತದೆ. ಆ ವ್ಯತ್ಯಾಸದಿಂದ ಉಪಕರಣವು ಡಿಗ್ರಿಯನ್ನು ಲೆಕ್ಕಹಾಕಿ ಒಳಗಿನ ರಿಲೇ ಎಂಬ ಸ್ವಿಚ್ಚನ್ನು ಎಳೆಯುತ್ತದೆ ಇಲ್ಲವೆ ಬಿಡುತ್ತದೆ.

ಹೀಟರು ಹೊತ್ತಿಕೊಳ್ಳುವ ಡಿಗ್ರಿಗೂ ಆರುವ ಡಿಗ್ರಿಗೂ ನಡುವೆ ಅಂತರವಿರಬೇಕು. ಎರಡೂ ಒಂದೇ ಆದರೆ ಸ್ವಿಚ್ಚು ನಿಮಿಷಕ್ಕೆ ಹಲವು ಸಲ ಬಡಿದುಕೊಂಡು ಬೇಗ ಕೆಡುತ್ತದೆ. ಎರಡನೆಯ ಹಂತದ ಹುಳುವಿಗಾದರೆ 26ಕ್ಕೆ ಇಳಿದಾಗ ಹೀಟರು ಹೊತ್ತಿ 27ಕ್ಕೆ ಏರಿದಾಗ ಆರಲಿ. ಗಾಳಿ ಹೊರದೂಡುವ ಫ್ಯಾನು 29ಕ್ಕೆ ತಿರುಗತೊಡಗಿ 28ಕ್ಕೆ ನಿಲ್ಲಲಿ. ಇವೆರಡರ ನಡುವೆ ಎರಡೂ ಸುಮ್ಮನಿರುವ ಒಂದು ಡಿಗ್ರಿಯ ಬಿಡುವು ಉಳಿಯಬೇಕು. ಇಲ್ಲವಾದರೆ ಹೀಟರು ಕಾಯಿಸಿದ್ದನ್ನು ಫ್ಯಾನು ಹೊರಗೆ ದೂಡಿ, ಎರಡೂ ಜಗಳವಾಡುತ್ತ ವಿದ್ಯುತ್ತಿನ ಬಿಲ್ಲನ್ನು ಮಾತ್ರ ಬೆಳೆಸುತ್ತವೆ.

ಸೆನ್ಸರನ್ನು ಇಡತಕ್ಕ ಸ್ಥಳ

ಥರ್ಮೋಸ್ಟಾಟಿಗೆ ತನ್ನ ಸೆನ್ಸರು ಇರುವ ಜಾಗದ ಬಿಸಿ ಮಾತ್ರ ತಿಳಿಯುತ್ತದೆ. ಬಿಸಿಗಾಳಿ ಮೇಲೇರುವುದರಿಂದ ಸ್ಟ್ಯಾಂಡಿನ ಮೇಲಿನ ತಟ್ಟೆಗಿಂತ ಕೆಳಗಿನ ತಟ್ಟೆ ತಂಪಾಗಿರುತ್ತದೆ. ಆದುದರಿಂದ ಸೆನ್ಸರನ್ನು ಸ್ಟ್ಯಾಂಡಿನ ನಡುಮಟ್ಟದಲ್ಲಿ, ಹುಳುಗಳಿರುವ ಎತ್ತರದಲ್ಲಿ, ಗಾಳಿಯಾಡುವಂತೆ ತೂಗುಬಿಡಬೇಕು. ಬಿಸಿಲು ಬೀಳುವ ಗೋಡೆ, ಬಾಗಿಲಿನ ಪಕ್ಕ, ಸೂರಿನ ಕೆಳಗು, ಹೀಟರಿನ ಎದುರು, ಒದ್ದೆ ಗೋಣಿಯ ಹತ್ತಿರ, ಈ ಐದು ಜಾಗಗಳು ವರ್ಜ್ಯ. ಹೀಟರಿನ ಎದುರಿಗಿಟ್ಟರೆ ಕೋಣೆ ಕಾಯುವ ಮೊದಲೇ ‘ಸಾಕು’ ಎನ್ನುತ್ತದೆ. ಬಾಗಿಲ ಬಳಿ ಇಟ್ಟರೆ ಕೋಣೆ ಕಾದ ಮೇಲೂ ‘ಸಾಲದು’ ಎನ್ನುತ್ತದೆ. ನಡುಮಟ್ಟದಲ್ಲಿ ಇಟ್ಟರೂ ಮೇಲಿನ ತಟ್ಟೆಗಳನ್ನು ಕೆಳಕ್ಕೂ ಕೆಳಗಿನವನ್ನು ಮೇಲಕ್ಕೂ ಬದಲಿಸುವ ಹಳೆಯ ಕ್ರಮವನ್ನು ಬಿಡಬಾರದು.

ಅಂಕಿ ತೋರಿಸುವ ಪೆಟ್ಟಿಗೆಯು ಒಣಗಿದ ಗೋಡೆಯ ಮೇಲೆ, ಸಾಧ್ಯವಾದರೆ ಕೋಣೆಯ ಹೊರಗೆ ಇರಲಿ. ಬೆಳೆಯ ನಡುವೆ ಕೋಣೆಯನ್ನು ಬ್ಲೀಚಿಂಗ್ ಪೌಡರಿನ ನೀರಿನಿಂದ ಶುದ್ಧಿಮಾಡುವುದುಂಟು. ಅದರಿಂದೇಳುವ ಕ್ಲೋರಿನ್ ತಾಮ್ರದ ಸಂಪರ್ಕಗಳನ್ನು ತಿನ್ನುತ್ತದೆ. ಹೀಟರಿನ ಸುತ್ತ ಮೂರಡಿಯೊಳಗೆ ಒಣಗಿದ ಸೊಪ್ಪಾಗಲಿ, ಚಾಕಿಗೆ ಹೊದಿಸುವ ಮೇಣಕಾಗದವಾಗಲಿ ಇರಕೂಡದು.

ತಂತಿಯ ಜೋಡಣೆ

ಮೊದಲು ಲೆಕ್ಕ, ಆಮೇಲೆ ತಂತಿ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟ್. 2000 ವ್ಯಾಟಿನ ಒಂದು ಹೀಟರು ಎಳೆಯುವುದು 2000ವನ್ನು 230ರಿಂದ ಭಾಗಿಸಿದರೆ ಬರುವ 8.7 ಆಂಪಿಯರ್. ಎರಡು ಹೀಟರಾದರೆ 17.4 ಆಂಪಿಯರ್. ಪೇಟೆಯ ಸಾಮಾನ್ಯ ಥರ್ಮೋಸ್ಟಾಟಿನ ರಿಲೇ ತಾಳಬಲ್ಲದ್ದು ಹತ್ತು ಆಂಪಿಯರ್ ಮಾತ್ರ. ಎರಡು ಹೀಟರುಗಳನ್ನು ನೇರವಾಗಿ ಅದಕ್ಕೆ ಕಟ್ಟಿದರೆ ಅದರ ಸಂಪರ್ಕಗಳು ಸುಟ್ಟು ಅಂಟಿಕೊಳ್ಳುತ್ತವೆ. ಒಂದೇ ಹೀಟರನ್ನು ಕಟ್ಟಿದರೂ, ರಾತ್ರಿಯೆಲ್ಲ ಉರಿಯುವಾಗ ಅದು ತನ್ನ ಮಿತಿಯ ಅಂಚಿನಲ್ಲಿಯೇ ದುಡಿಯಬೇಕಾಗುತ್ತದೆ.

ಇದಕ್ಕೆ ಪರಿಹಾರ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚು. ಅದರೊಳಗೆ ಒಂದು ಸುರುಳಿಯಿದೆ. ಸುರುಳಿಗೆ ಸ್ವಲ್ಪವೇ ವಿದ್ಯುತ್ತು ಸಿಕ್ಕಿದರೂ ಅದು ಅಯಸ್ಕಾಂತವಾಗಿ ದಪ್ಪ ಸಂಪರ್ಕಗಳನ್ನು ಎಳೆದು ಕೂಡಿಸುತ್ತದೆ. ಹೀಟರಿನ ಭಾರವನ್ನು ಕಾಂಟ್ಯಾಕ್ಟರು ಹೊರುತ್ತದೆ. ಥರ್ಮೋಸ್ಟಾಟು ಸುರುಳಿಗೆ ಅಪ್ಪಣೆ ಕೊಡುತ್ತದೆ, ಅಷ್ಟೆ.

ಜೋಡಣೆಯ ಕ್ರಮ ಹೀಗಿದೆ. ಮೀಟರಿನಿಂದ ಬರುವ ಸಾಲು ಮೊದಲು 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯನ್ನೂ 20 ಆಂಪಿಯರಿನ ಎಂಸಿಬಿಯನ್ನೂ ಹಾದು ಬರಬೇಕು. ಅಲ್ಲಿಂದ 4 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ಫೇಸು ಕಾಂಟ್ಯಾಕ್ಟರಿನ ದಪ್ಪ ಸಂಪರ್ಕದ ಮೂಲಕ ಹೀಟರುಗಳ ಸಾಕೆಟ್ಟಿಗೆ ಹೋಗಬೇಕು. ನ್ಯೂಟ್ರಲ್ ಸಾಕೆಟ್ಟಿಗೆ ನೇರವಾಗಿ ಹೋಗಬೇಕು. ಎರಡನೆಯದಾಗಿ, ಥರ್ಮೋಸ್ಟಾಟು ತಾನೇ ಕೆಲಸಮಾಡಲು ಬೇಕಾದ ಫೇಸು ಮತ್ತು ನ್ಯೂಟ್ರಲುಗಳನ್ನು ಅದರ ಎರಡು ಟರ್ಮಿನಲುಗಳಿಗೆ ಕೊಡಬೇಕು. ಮೂರನೆಯದಾಗಿ, ಅದರ ಹೀಟಿಂಗ್ ರಿಲೇಯ ಒಂದು ತುದಿಗೆ ಫೇಸನ್ನು ಕೊಟ್ಟು ಮತ್ತೊಂದು ತುದಿಯಿಂದ ಸುರುಳಿಗೆ ಒಯ್ಯಬೇಕು. ಸುರುಳಿಯ ಇನ್ನೊಂದು ತುದಿ ನ್ಯೂಟ್ರಲಿಗೆ ಸೇರಬೇಕು. ನಾಲ್ಕನೆಯದಾಗಿ, ಕೂಲಿಂಗ್ ರಿಲೇಯ ಮೂಲಕ ಫೇಸು ಫ್ಯಾನಿಗೆ ಹೋಗಬೇಕು. ಫ್ಯಾನಿನ ಭಾರ ಅಲ್ಪವಾದುದರಿಂದ ಅದಕ್ಕೆ ಬೇರೆ ಕಾಂಟ್ಯಾಕ್ಟರು ಬೇಡ. ಐದನೆಯದಾಗಿ, ಹೀಟರಿನ ಲೋಹದ ಮೈ, ಕಾಂಟ್ಯಾಕ್ಟರಿನ ಪೆಟ್ಟಿಗೆ, ಕಬ್ಬಿಣದ ಸ್ಟ್ಯಾಂಡು ಇವೆಲ್ಲವನ್ನೂ ಅರ್ಥ್ ತಂತಿಗೆ ಸೇರಿಸಬೇಕು. ಸೆನ್ಸರಿನ ಸಣ್ಣ ತಂತಿಯನ್ನು ಹೀಟರಿನ ತಂತಿಯೊಡನೆ ಒಂದೇ ಪೈಪಿನಲ್ಲಿ ಎಳೆಯಬಾರದು.

ಇಷ್ಟರಲ್ಲಿ ಮರೆಯಲಾಗದ ಸೂತ್ರ ಒಂದಿದೆ: ಕಡಿಯುವುದು ಯಾವಾಗಲೂ ಫೇಸನ್ನೇ, ನ್ಯೂಟ್ರಲನ್ನು ಎಂದಿಗೂ ಅಲ್ಲ. ನ್ಯೂಟ್ರಲನ್ನು ಕಡಿದರೂ ಹೀಟರು ಆರುತ್ತದೆ. ನೋಡಿದವರಿಗೆ ಜೋಡಣೆ ಸರಿಯಾಗಿಯೇ ಇದೆಯೆಂದು ತೋರುತ್ತದೆ. ಆದರೆ ಆರಿದ ಹೀಟರಿನೊಳಗೆ ಫೇಸು ಇನ್ನೂ ಬಂದು ನಿಂತಿರುತ್ತದೆ. ಹುಳುಮನೆಗೆ ಹೊರಗಿನ ರೋಗ ಬಾರದಿರಲೆಂದು ಚಪ್ಪಲಿಯನ್ನು ಹೊರಗೆ ಬಿಟ್ಟು ಬರಿಗಾಲಿನಲ್ಲಿ ಬರುತ್ತಾರೆ. ನೆಲ ಒದ್ದೆ, ಗೋಣಿ ಒದ್ದೆ, ಸೊಪ್ಪು ಹಾಕುವ ಕೈಯೂ ಒದ್ದೆ. ಹುಳುವಿನ ಒಳಿತಿಗಾಗಿ ಏರ್ಪಟ್ಟ ಈ ಎಲ್ಲ ನಿಯಮಗಳೂ ವಿದ್ಯುತ್ತಿನ ವಿಷಯದಲ್ಲಿ ಮನುಷ್ಯನಿಗೆ ಪ್ರತಿಕೂಲವಾಗಿ ನಿಲ್ಲುತ್ತವೆ. ಹುಳು ಹೋದರೆ ಒಂದು ಬೆಳೆ ಹೋಯಿತು. ಮನುಷ್ಯ ಹೋದರೆ ಮನೆಯೇ ಹೋಯಿತು. ಆದುದರಿಂದ ಮೇಲಿನ ಕ್ರಮವನ್ನು ಮನೆಯವರೆಲ್ಲರೂ ತಿಳಿದಿರಬೇಕಾದುದು ಸರಿ. ತಂತಿಗೆ ಕೈಹಾಕುವ ಕೆಲಸ ಮಾತ್ರ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನನದು. ಎರಡು ಹೀಟರುಗಳ ಭಾರಕ್ಕೆ ಮನೆಯ ಮಂಜೂರಾದ ಲೋಡು ಸಾಲದಿದ್ದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಕಚೇರಿಯಲ್ಲಿ ಅದನ್ನು ಹೆಚ್ಚಿಸಿಕೊಳ್ಳಬೇಕು.

ಹೊರನಾಡಿನ ಪದ್ಧತಿ

ಅಮೆರಿಕೆಯಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಗೋಡೆಯ ಮೇಲೆ ಥರ್ಮೋಸ್ಟಾಟು ಇರುವುದು ಸಾಮಾನ್ಯ. ಚಳಿಗಾಲದಲ್ಲಿ ಕುಲುಮೆಯನ್ನೂ ಬೇಸಿಗೆಯಲ್ಲಿ ತಂಪು ಯಂತ್ರವನ್ನೂ ಅದೇ ನಡೆಸುತ್ತದೆ. ಊರಿಗೆ ಬಂದ ಮಕ್ಕಳು ಅಲ್ಲಿ ತಾವೇ ಅದನ್ನು ಬದಲಾಯಿಸಿದ ಅನುಭವದಿಂದ ಇಲ್ಲಿಯೂ ಜೋಡಿಸಲು ಮುಂದಾಗಬಹುದು. ಅವರು ಒಂದು ವ್ಯತ್ಯಾಸವನ್ನು ತಿಳಿದಿರುವುದು ಒಳ್ಳೆಯದು. ಅಲ್ಲಿನ ಥರ್ಮೋಸ್ಟಾಟಿಗೆ ಬರುವುದು ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರಿನಿಂದ ಇಳಿಸಿದ 24 ವೋಲ್ಟ್ ಮಾತ್ರ. ಅಲ್ಲಿನ ವಾಡಿಕೆಯಂತೆ ಕೆಂಪು ತಂತಿ ವಿದ್ಯುತ್ತು ಬರುವುದಕ್ಕೆ, ಬಿಳಿಯದು ಬಿಸಿಗೆ, ಹಳದಿಯದು ತಂಪಿಗೆ, ಹಸುರು ಫ್ಯಾನಿಗೆ. ನಮ್ಮಲ್ಲಿ ಉಪಕರಣಕ್ಕೆ ನೇರವಾಗಿ 230 ವೋಲ್ಟ್ ಬರುತ್ತದೆ. ಕೆಂಪು ಫೇಸು, ಕಪ್ಪು ನ್ಯೂಟ್ರಲ್, ಹಸುರು ಅರ್ಥ್. ಅಲ್ಲಿ ಫ್ಯಾನನ್ನು ತಿರುಗಿಸುವ ಹಸುರು ಇಲ್ಲಿ ಪ್ರಾಣವನ್ನು ಉಳಿಸುವ ಹಸುರು. ಹಸುರು ತಂತಿಗೆ ಫೇಸು ಕೊಟ್ಟರೆ ಮನೆಯ ಲೋಹದ ವಸ್ತುಗಳೆಲ್ಲ ಮುಟ್ಟಬಾರದ ವಸ್ತುಗಳಾಗುತ್ತವೆ.

ಪರೀಕ್ಷೆ

ಜೋಡಣೆ ಮುಗಿದ ಮೇಲೆ ಹುಳುವನ್ನು ಕೋಣೆಗೆ ತರುವ ಮೊದಲೇ ಪರೀಕ್ಷೆ ನಡೆಯಬೇಕು. ಹೀಟರಿನ ಬದಲು ಸಾಕೆಟ್ಟಿಗೆ ಒಂದು ಬಲ್ಬನ್ನು ಹಾಕಿ, ನೀರು ತಾಗಿದರೂ ಕೆಡದಂಥ ಸೆನ್ಸರನ್ನು ಮಡಕೆಯ ತಣ್ಣೀರಿನಲ್ಲಿ ಅದ್ದಿದರೆ ಬಲ್ಬು ಹೊತ್ತಬೇಕು. ಅದನ್ನು ಒರೆಸಿ ಅಂಗೈಯಲ್ಲಿ ಮುಚ್ಚಿ ಹಿಡಿದರೆ ಮೈಬಿಸಿಗೆ ಬಲ್ಬು ಆರಿ, ಇನ್ನೂ ಸ್ವಲ್ಪ ಹೊತ್ತಿಗೆ ಫ್ಯಾನು ತಿರುಗಬೇಕು. ಕರಗುತ್ತಿರುವ ಮಂಜುಗಡ್ಡೆಯ ಪುಡಿಯಲ್ಲಿಟ್ಟರೆ ಅಂಕಿ ಸೊನ್ನೆಯ ಹತ್ತಿರಕ್ಕೆ ಬರಬೇಕು. ಬಾರದಿದ್ದರೆ ಎಷ್ಟು ತಪ್ಪಿದೆಯೋ ಅಷ್ಟನ್ನು ಉಪಕರಣದಲ್ಲಿಯೇ ತಿದ್ದಬಹುದು. ಆರ್‌ಸಿಸಿಬಿಯ ಮೇಲಿನ ಪರೀಕ್ಷೆಯ ಗುಂಡಿಯನ್ನು ಒತ್ತಿದಾಗ ಅದು ತಟ್ಟನೆ ಬೀಳಬೇಕು. ಬೀಳದಿದ್ದರೆ ಅದನ್ನು ಬದಲಾಯಿಸುವವರೆಗೆ ಹೀಟರು ಹಚ್ಚಕೂಡದು.

ಕಾವಲಿಗೊಂದು ಕಾವಲು

ಕಾವಲುಗಾರನು ನಿದ್ದೆಹೋದರೆ ಗತಿಯೇನು? ಕಾಂಟ್ಯಾಕ್ಟರಿನ ಸಂಪರ್ಕಗಳು ಅಂಟಿಕೊಂಡರೆ ಥರ್ಮೋಸ್ಟಾಟು ‘ಸಾಕು’ ಎಂದರೂ ಹೀಟರು ನಿಲ್ಲದು. ಬೆಳಗಾಗುವುದರೊಳಗೆ ಕೋಣೆ ಬಾಣಲೆಯಾಗುತ್ತದೆ. ಇದಕ್ಕಾಗಿ ಲೋಹದ ಪಟ್ಟಿಯ ಸಾದಾ ಥರ್ಮೋಸ್ಟಾಟೊಂದನ್ನು 33 ಡಿಗ್ರಿಗೆ ಗೊತ್ತುಮಾಡಿ, ಅದು ಬೇರೊಂದು ಕಾಂಟ್ಯಾಕ್ಟರಿನಿಂದ ಇಡೀ ಸಾಲನ್ನೇ ಕಡಿಯುವಂತೆ ಏರ್ಪಡಿಸಬೇಕು. ಅಂಟಿಕೊಂಡಿರುವ ಮೊದಲನೆಯ ಕಾಂಟ್ಯಾಕ್ಟರಿನ ಸುರುಳಿಗೇ ಅದನ್ನು ಸೇರಿಸಿದರೆ ಪ್ರಯೋಜನವಿಲ್ಲ.

ವಿದ್ಯುತ್ತು ಹೋದಾಗ ಎರಡು ಕಾವಲುಗಳೂ ಕುರುಡು. ದಪ್ಪ ಗೋಡೆ, ಸೂರಿನ ಮೇಲೆ ತೆಂಗಿನ ಗರಿಯ ಹೊದಿಕೆ, ಮನೆಯ ಸುತ್ತ ಮರದ ನೆರಳು ಇವು ಆಗ ಕೈಹಿಡಿಯುತ್ತವೆ. ಚೈತ್ರದ ಮಧ್ಯಾಹ್ನ ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿಯಾಗಿದ್ದರೆ ಫ್ಯಾನು ತಿರುಗಿದಷ್ಟೂ ಕೇಡೇ. ಆಗ ಕಿಟಕಿಗೆ ಒದ್ದೆ ಗೋಣಿಯನ್ನು ಕಟ್ಟಬೇಕು. ಆದರೆ ಐದನೆಯ ಹಂತದ ಹುಳುವಿಗೆ ಆ ತೇವವೇ ಹೊರೆ. ಹೀಟರು ಉರಿಯುವಾಗ ಗಾಳಿ ಒಣಗಿ ಚಾಕಿಯ ಎಳೆಸೊಪ್ಪು ಬಾಡುತ್ತದೆ. ಆಗ ನೀರಿನ ತಟ್ಟೆ ಬೇಕು. ಜ್ವರದಲ್ಲಿ ಕೂತ ಹುಳುವಿಗೆ ಒಣಗಿದ ಹಾಸು ಬೇಕು. ಇವಾವುವೂ ಥರ್ಮೋಸ್ಟಾಟಿಗೆ ತಿಳಿಯವು. ಅದಕ್ಕೆ ಡಿಗ್ರಿ ಗೊತ್ತು, ಹುಳು ಗೊತ್ತಿಲ್ಲ. ಹುಳುವನ್ನು ಬಲ್ಲದ್ದು ಆ ಮನೆಯ ಹೆಂಗಸರ ಕಣ್ಣು, ಕೈ. ಅವರ ನಿದ್ದೆಗೆಟ್ಟ ರಾತ್ರಿಗಳಲ್ಲಿ ಕೆಲವನ್ನು ಉಪಕರಣವು ಉಳಿಸಿಕೊಡಬಲ್ಲುದು; ಅವರ ಜಾಗದಲ್ಲಿ ತಾನೇ ನಿಲ್ಲಲಾರದು.

ಪ್ರೌಢಶಾಲೆಯ ಪಠ್ಯದಲ್ಲಿ ಲೋಹಗಳ ಹಿಗ್ಗುವಿಕೆಯೂ ವಿದ್ಯುತ್ತಿನ ಉಷ್ಣ ಪರಿಣಾಮವೂ ಪಾಠಗಳಾಗಿ ಬರುತ್ತವೆ. ಹುಳುಮನೆಯಿಂದಲೇ ಶಾಲೆಗೆ ಬರುವ ಹುಡುಗ ಹುಡುಗಿಯರಿಗೆ ಈ ಪಾಠಗಳನ್ನು ಥರ್ಮೋಸ್ಟಾಟಿನ ಮೂಲಕ ಹೇಳುವುದು ಸುಲಭ. ಒಂದು ಥರ್ಮೋಸ್ಟಾಟು, ಒಂದು ಕಾಂಟ್ಯಾಕ್ಟರು, ಬಲ್ಬು, ಸಣ್ಣ ಫ್ಯಾನು ಇವನ್ನು ಹಲಗೆಯ ಮೇಲೆ ಬಲ್ಲವರಿಂದ ಜೋಡಿಸಿ ವಿಜ್ಞಾನದ ಕೊಠಡಿಯಲ್ಲಿಟ್ಟರೆ ತಗಲುವ ವೆಚ್ಚ ಅಲ್ಪ. ಈ ಕೆಲಸವನ್ನು ಕಲಿತ ಹಳೆಯ ವಿದ್ಯಾರ್ಥಿಗಳು ಒಂದು ದಿನ ಬಂದು ಅದನ್ನು ವಿವರಿಸಿದರೆ, ದಾನಿಗಳು ಆ ಹಲಗೆಗೆ ಬೇಕಾದುದನ್ನು ಒದಗಿಸಿದರೆ, ಆ ಪಾಠ ಸಂಜೆಯ ಹೊತ್ತಿಗೆ ಮಕ್ಕಳೊಡನೆ ಮನೆ ಸೇರುತ್ತದೆ. ಫೇಸನ್ನೇ ಕಡಿಯಬೇಕು, ಹಸುರು ತಂತಿಯನ್ನು ಬಿಡಬಾರದು, ಕೆಂಡವಿಟ್ಟ ಕೋಣೆಯಲ್ಲಿ ಮಲಗಬಾರದು ಎಂಬ ಮೂರು ಮಾತುಗಳು ತಾಲ್ಲೂಕಿನ ಒಂದೊಂದು ಹುಳುಮನೆಗೂ ತಲುಪಿದರೆ ಅಷ್ಟರಿಂದಲೇ ಆ ಹಲಗೆಯ ಬೆಲೆ ಸಂದಂತಾಗುತ್ತದೆ.